ಕಾಶವ್ವನ ಮನೆಯ ಸಾಕು

ಪಾರ್ಶ್ವವಾಯು ಹೊಡೆದು ಮಲಗಿದ ಕಾಲನ್ನು ಎಬ್ಬಿಸುವ ಪಟ್ಟಿಯೊಂದು ಮನೆಮನೆಗೂ ಬಂದರೆ ಏನಾಗಬಹುದು ಎಂದು ಯಾರಾದರೂ ನನ್ನನ್ನು ಮೊದಲೇ ಕೇಳಿದ್ದರೆ, ಆಗುವುದೇನು, ಜನ ಅದನ್ನು ಎಮ್ಮೆಗೆ ಕಟ್ಟುತ್ತಾರೆ ಎನ್ನುತ್ತಿದ್ದೆ. ಕಟ್ಟಿದರು ಕೂಡ. ಕುಂದಗೋಳದ ಕಡೆಯ ಒಬ್ಬ ಪುಣ್ಯಾತ್ಮ ಮೇಲೇಳಲಾರದ ಎಮ್ಮೆಯ ಹಿಂಗಾಲಿಗೆ ಪಟ್ಟಿ ಸುತ್ತಿದ. ಎಮ್ಮೆ ಝಾಡಿಸಿ ಒದ್ದು ಪಟ್ಟಿ ಹರಿದ ಮೇಲೆ ನಮ್ಮ ಕೇಂದ್ರಕ್ಕೆ ಫೋನ್ ಮಾಡಿ ನನ್ನನ್ನೇ ಬೈದ. ಇನ್ನೊಬ್ಬ ಬೊಜ್ಜು ಕರಗಲಿ ಎಂದು ಹೊಟ್ಟೆಗೆ ಬಿಗಿದುಕೊಂಡ. ಮತ್ತೊಬ್ಬಳು ಮೈ ತೊಳೆದು ಒರೆಸಿಕೊಳ್ಳದೆ ಕಟ್ಟಿಕೊಂಡು ಚುರ್ರೆಂದು ಸುಟ್ಟುಕೊಂಡಳು. ಇವರಿಗೆಲ್ಲ ಬುದ್ಧಿ ಹೇಳುವುದೇ ನನ್ನ ನೌಕರಿ. ಹೇಳಿ ಹೇಳಿ ನನ್ನ ದನಿ ದೊಡ್ಡದಾಗಿದೆ, ಸಿಟ್ಟು ಮೂಗಿನ ತುದಿಗೆ ಬಂದು ಕೂತಿದೆ.

ಹುಬ್ಬಳ್ಳಿಯ ಸ್ನಾಯುಚೇತನ ಕೇಂದ್ರದಲ್ಲಿ ನಾನು ವ್ಯಾಯಾಮ ಚಿಕಿತ್ಸಕಿ. ಬೆಳಿಗ್ಗೆ ಮನೆಮನೆಗೆ ಹೋಗಿ ಪಟ್ಟಿ ಕಟ್ಟಿಕೊಟ್ಟು ಬರಬೇಕು, ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದೆ ಕೂತು ಆ ಮನೆಗಳನ್ನೆಲ್ಲ ಕಾಯಬೇಕು. ಪರದೆಯಲ್ಲಿ ಒಂದೊಂದು ಮನೆಗೆ ಒಂದೊಂದು ದೀಪ. ವಿದ್ಯುತ್ತು ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು.

ಪಟ್ಟಿ ಎಂದರೆ ತೊಡೆಗೋ ಮೀನಖಂಡಕ್ಕೋ ಸುತ್ತುವ ಬಟ್ಟೆ ಅಷ್ಟೇ. ಒಳಮೈಯಲ್ಲಿ ತೆಳ್ಳನೆಯ ಲೋಹದ ಬಿಲ್ಲೆಗಳಿವೆ. ಅವು ಸಣ್ಣದಾಗಿ ವಿದ್ಯುತ್ತು ಹರಿಸಿ ನರವನ್ನು ಮುಟ್ಟುತ್ತವೆ, ಸ್ನಾಯು ಸೆಟೆಯುತ್ತದೆ, ಮತ್ತೆ ಸಡಿಲಾಗುತ್ತದೆ. ಅಪ್ಪಣೆ ಮೆದುಳಿನಿಂದ ಬಂತೋ ಪಟ್ಟಿಯಿಂದ ಬಂತೋ ಸ್ನಾಯುವಿಗೆ ತಿಳಿಯುವುದಿಲ್ಲ. ಬಿಡದೆ ಮಾಡಿಸುತ್ತಿದ್ದರೆ ಕೆಲವರಲ್ಲಿ ಮೆದುಳು ಮರೆತ ದಾರಿಯನ್ನು ಮತ್ತೆ ಹಿಡಿಯುತ್ತದೆ, ಕಾಲು ಎದ್ದು ನಿಲ್ಲುತ್ತದೆ. ಕೈ ಬಿದ್ದುಹೋದವರು ಗುಂಡಿ ಒತ್ತಲಾರರು ಎಂದು ಪಟ್ಟಿಗೆ ಕಿವಿಯನ್ನೂ ಕೊಟ್ಟಿದ್ದೆವು. ರೋಗಿ ‘ಸಾಕು’ ಎಂದರೆ ನಿಲ್ಲಬೇಕು. ಆ ಮಾತಿನ ಹಿಂದುಮುಂದಿನ ನಾಲ್ಕಾರು ಕ್ಷಣದ ಸದ್ದನ್ನು ಮಾತ್ರ ಅದು ಕಲಿಕೆಗೆಂದು ಇಟ್ಟುಕೊಳ್ಳುತ್ತದೆ. ಮನೆಯ ಉಳಿದ ಮಾತು ಅದಕ್ಕೆ ಬೇಡ.

ಕಾಶವ್ವನ ಖಾನಾವಳಿ ಹಳೇ ಹುಬ್ಬಳ್ಳಿಯಲ್ಲಿ. ಮುಂದಿನ ಪಡಸಾಲೆಯಲ್ಲಿ ಊಟದ ಮೇಜುಗಳು, ನಡುವೆ ಅಡುಗೆಮನೆ, ಹಿಂದಿನ ಕೋಣೆಯಲ್ಲಿ ಸಂಸಾರ. ಮೂವತ್ತು ವರ್ಷ ಅವಳು ಒಲೆಯ ಮುಂದೆ ರೊಟ್ಟಿ ಬಡಿದರೆ, ಗಂಡ ಮಹಾರುದ್ರಪ್ಪ ಬಾಗಿಲ ಬಳಿ ಗಲ್ಲಾದ ಮೇಲೆ ಕೂತು ದುಡ್ಡು ತೆಗೆದುಕೊಳ್ಳುತ್ತ ಊರ ಸುದ್ದಿಯನ್ನೆಲ್ಲ ಮಾತಾಡಿದ್ದ. ಊಟಕ್ಕಿಂತ ಅವನ ಮಾತಿಗೇ ಬರುವ ಗಿರಾಕಿಗಳಿದ್ದರಂತೆ. ಅಂಥವನಿಗೆ ಗಲ್ಲಾದ ಮೇಲೆಯೇ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತೂ ಹೋಯಿತು. ಉಳಿದದ್ದು ಮೂರೇ ಮಾತು. ‘ಹೂಂ’, ‘ಕಾಶಿ’, ‘ಸಾಕು’.

ನಾನು ಮೊದಲ ಸಲ ಹೋದಾಗ ಕಾಶವ್ವ ಪಟ್ಟಿಯ ಚೀಲವನ್ನು ನನ್ನ ಕೈಯಿಂದ ಕಸಿದು ಮೂಲೆಗಿಟ್ಟಳು.

“ಬರ್ರಿ ಬಾಯಾರ, ಮೊದ್ಲ ಊಟ ಮಾಡ್ರಿ. ಆಮ್ಯಾಲ ನಿಮ್ಮ ಪಟ್ಟಿ.”

“ಊಟ ಆಗೇತ್ರಿ ನಂದು.”

“ಆಗಿದ್ರ ಏನಾತು? ಒಂದ್ ರೊಟ್ಟಿ ತಿಂದ್ರ ಹೊಟ್ಟಿ ಏನ್ ಒಡ್ಯಾಂಗಿಲ್ಲ, ಕುಂದರ್ರಿ.”

ಕೂತೆ. ಒಂದಾಯಿತು, ಎರಡಾಯಿತು. ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಸಾಕು ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಆ ಮಹಾತಾಯಿ ಕೈಮೇಲೆಯೇ ರೊಟ್ಟಿ ಇಟ್ಟಳು. ಬಿಸಿ ರೊಟ್ಟಿ! ನಾನು ಹಾಂ ಹೂಂ ಎನ್ನುತ್ತಿದ್ದರೆ ಅವಳಿಗೆ ನಗು.

“ಮೊದಲ್ನೇ ಸಾಕು ಬಾಯಿಂದ ಬರ್ತೈತ್ರಿ ಬಾಯಾರ. ಎರಡನೇದು ನಾಚಿಕಿಂದ. ಹೊಟ್ಟಿಂದ ಬರೋದು ಮೂರನೇದು. ಅದು ಬಂದ ಮ್ಯಾಲ ನಾ ಬಡಸಂಗಿಲ್ಲ.”

ಹಿಂದಿನ ಕೋಣೆಯಲ್ಲಿ ಮಹಾರುದ್ರಪ್ಪ ಮಂಚದ ಮೇಲೆ ಒರಗಿದ್ದ. ನನ್ನನ್ನು ಕಂಡು ಎಡಗೈಯೊಂದನ್ನೇ ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿದ. ಅವನಿಗೆ ಮಾತು ತಿಳಿಯುತ್ತಿತ್ತು, ತಿರುಗಿ ಹೇಳಲು ಮಾತ್ರ ಆಗುತ್ತಿರಲಿಲ್ಲ. ನೀರು ಬೇಡವೆಂದರೂ ಸಾಕು, ಬೆಳಕು ಕಣ್ಣಿಗೆ ಹೊಡೆದರೂ ಸಾಕು. ಮೇಲೆ ತಿರುಗುವ ಫ್ಯಾನನ್ನೊಮ್ಮೆ ನೋಡಿ ‘ಸಾಕು’ ಎಂದ. “ಇದು ಫ್ಯಾನಿನ ಸಾಕುರಿ, ಥಂಡಿ ಹತ್ತೇತಿ ಅವರಿಗೆ,” ಎಂದು ಕಾಶವ್ವ ಫ್ಯಾನ್ ಆರಿಸಿದಳು. ಅವನ ಒಂದೇ ಮಾತನ್ನು ಅವಳು ಹತ್ತು ಮಾತಾಗಿ ಓದುತ್ತಿದ್ದಳು.

ನಾನು ನನ್ನ ಪಾಠ ಒಪ್ಪಿಸಿದೆ. “ನೋಡ್ರಿ ಕಾಶವ್ವಾರ, ಎದಿಗೆ ಕಟ್ಟಬ್ಯಾಡ್ರಿ, ಕುತ್ತಿಗಿಗೆ ಕಟ್ಟಬ್ಯಾಡ್ರಿ. ಹಸಿ ಮೈಗೆ, ಗಾಯದ ಮ್ಯಾಲ ಕಟ್ಟಬ್ಯಾಡ್ರಿ. ಒಂದಿನ ಮಾಡಿಸಿದ್ರ ಒಂದಿನ ಬಿಡ್ರಿ, ಮಾಂಸಕ್ಕೂ ದಣಿವು ಇರ್ತೈತಿ. ನೀರು ಭಾಳ ಕುಡಸ್ರಿ. ಮತ್ತ ಅವರು ಸಾಕು ಅಂದ್ರ ಸಾಕು.”

“ಅಂದ್ರ ಸಾಕು,” ಎಂದು ಅವಳೂ ಒಪ್ಪಿಸಿದಳು.

ಪಟ್ಟಿ ಕಟ್ಟಿ ಶುರು ಮಾಡಿದೆ. ಮೀನಖಂಡ ಒಮ್ಮೆ ಪುಟಿಯಿತು. ಮಹಾರುದ್ರಪ್ಪ ಬೆಚ್ಚಿ, ತನ್ನ ಕಾಲು ತನ್ನನ್ನು ಕೇಳದೆ ಅಲುಗಿದ್ದನ್ನು ನೋಡಿ, ‘ಸಾಕು’ ಎಂದ. ಪಟ್ಟಿ ತಟ್ಟನೆ ನಿಂತಿತು.

ಕಾಶವ್ವನ ಮುಖ ಸಪ್ಪಗಾಯಿತು. “ಇಷ್ಟ ಏನ್ರಿ?” ಎಂದವಳೇ ಪಟ್ಟಿಯ ಮೇಲಿನ ‘ಮತ್ತೆ’ ಗುಂಡಿಯನ್ನು ಒತ್ತಿ, ಗಂಡನ ತಲೆ ನೇವರಿಸಿ ಹೇಳಿದಳು, “ಇನ್ನೊಂದ್ ಸ್ವಲ್ಪರಿ. ನನ್ ಸಲುವಾಗಿ.” ಅವನು ಅರ್ಧ ಬಾಯಲ್ಲಿ ನಕ್ಕು ಸುಮ್ಮನಾದ. ಕಾಲು ಪುಟಿಯುತ್ತಲೇ ಇತ್ತು. ಆಮೇಲೆ ಬಹಳ ಹೊತ್ತು ಅವನು ಸಾಕು ಎನ್ನಲಿಲ್ಲ.

“ಯುಗಾದಿಗೆ ಗಲ್ಲಾದ ಮ್ಯಾಲ ಕುಂದರಸ್ತೀನಿ ನೋಡ್ರಿ ಇವರನ್ನ,” ಎಂದು ಕಾಶವ್ವ ನನಗೆ ಹೇಳಿದಳು. “ತಾವ ನಡ್ಕೋತ ಬರ್ಬೇಕು. ಯಾರೂ ಹಿಡ್ಯಾಂಗಿಲ್ಲ.” ಅವಳಿಗೆ ಬೇಕಾಗಿದ್ದುದು ಅದೊಂದೇ. ಹಿಂದಿನ ಕೋಣೆಯಿಂದ ಗಲ್ಲಾದವರೆಗಿನ ಹಾದಿ.

ಇಂಥ ಗೋಳು ಅದೊಂದೇ ಮನೆಯದಾಗಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ನನ್ನ ಪಕ್ಕದಲ್ಲಿ ಕೂರುವ ಇಮ್ತಿಯಾಜ್ ಮುಲ್ಲಾ ಪಟ್ಟಿಗೆ ಕಲಿಕೆ ಬರೆದ ಎಂಜಿನಿಯರು. ಒಂದು ದಿನ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

“ರೋಹಿಣಿ ಮೇಡಂ, ಈ ಮಂದಿ ಪಟ್ಟಿ ಜುಮ್ ಅನ್ನೂದರಾಗ ಸಾಕು ಅಂತಾರ. ಪಟ್ಟಿ ನಿಂದರ್ತೈತಿ. ಮನಿಯವರು ‘ಮತ್ತೆ’ ಒತ್ತತಾರ. ಆಮ್ಯಾಲ ಇವರು ಆರಾಮ ಮಾಡಿಸ್ಕೊಂತ ಮಲಗತಾರ. ಹಂಗಾರ ಮೊದ್ಲ ಸಾಕು ಯಾಕ ಅಂದ್ರು?”

“ನಿಮ್ಮ ಅಮ್ಮೀ ಬಿರ್ಯಾನಿ ಬಡಸೂವಾಗ ನಾ ಸಾಕು ಅಂದ್ರ ನಿಲ್ಲಸ್ತಾರೇನು?”

“ಎಲ್ಲೀ ನಿಲ್ಲಸ್ತಾರ!”

“ಅದ ಇದು.”

ಅವನು ಅದನ್ನೇ ಹಿಡಿದು ಕೂತ. ಪ್ರತಿ ಮನೆಯ ಸಾಕನ್ನೂ ಪಟ್ಟಿ ತಾನೇ ಕಲಿಯಲಿ ಎಂದು ಹೊಸ ಪಾಠ ಬರೆದ. ಸಾಕು ಎಂದ ಮೇಲೆ ಮನೆಯವರು ಒತ್ತಾಯ ಮಾಡಿ, ರೋಗಿ ಸುಮ್ಮನಾದರೆ, ಅದು ನಿಜವಾದ ಸಾಕಲ್ಲ. ಹಾಗೆ ಎಷ್ಟೋ ಸಲ ಆದರೆ ಪಟ್ಟಿ ಇನ್ನು ಅಲ್ಲಿಗೆ ನಿಲ್ಲದೆ, ಮನೆಯವರು ಹೇಳುವುದನ್ನು ತಾನೇ ಹೇಳಿ ಮುಂದುವರಿಯುತ್ತದೆ. ವಿದ್ಯುತ್ತಿಗೆ ಹೇಗೂ ಮಿತಿ ಇದೆ, ಒಂದು ಸುತ್ತಿಗೆ ಅರ್ಧ ಗಂಟೆಯ ಗಡುವಿದೆ, ಇನ್ನೇನು ಭಯ? ನಮ್ಮ ನಿರ್ದೇಶಕರು ಭೇಷ್ ಎಂದರು. ಒಂದೆರಡು ತಿಂಗಳಲ್ಲೇ ಎಷ್ಟೋ ಮನೆಗಳಲ್ಲಿ ಕಾಲುಗಳು ಎದ್ದು ನಿಂತವು, ಪತ್ರಿಕೆಯಲ್ಲಿ ಸುದ್ದಿ ಬಂತು, ಬೇರೆ ಜಿಲ್ಲೆಗಳಿಂದ ಜನ ನೋಡಲು ಬಂದರು.

ಇನ್ನೊಂದು ಅನುಕೂಲವೂ ಬಂತು, ಮನೆಯವರ ದನಿ. ಪಟ್ಟಿಗೆ ಮೊದಲು ಹಾಕಿದ್ದ ಹೆಂಗಸಿನ ದನಿ ರೇಡಿಯೋದವಳ ಹಾಗೆ ಮಾತಾಡಿದರೆ ರೋಗಿಗಳು ಕೇಳುತ್ತಿರಲಿಲ್ಲ. ಹೆಂಡತಿಯದೋ ಮಗಳದೋ ದನಿಯಾದರೆ ಕೇಳುತ್ತಿದ್ದರು. ಕಾಶವ್ವ ಕೈ ಒರೆಸಿಕೊಂಡು ಬಂದು, ಪಟ್ಟಿಯ ಮುಂದೆ ನೆಟ್ಟಗೆ ಕೂತು, ಫೋಟೋ ತೆಗೆಸಿಕೊಳ್ಳುವವಳಂತೆ ಸೆರಗು ಸರಿಮಾಡಿಕೊಂಡು ಮಾತಾಡಿದಳು. ಮರುಕ್ಷಣವೇ ಪಟ್ಟಿ ಅವಳ ದನಿಯಲ್ಲಿ, “ಇನ್ನೊಂದ್ ಸ್ವಲ್ಪರಿ. ನನ್ ಸಲುವಾಗಿ,” ಎಂದಿತು.

“ಅಯ್ಯ ಶಿವನ, ನನ್ನ ದನಿ ಇಷ್ಟ ಒರಟು ಐತೇನ್ರಿ?” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಮಹಾರುದ್ರಪ್ಪ ಪಟ್ಟಿಯನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿ ತಾನೂ ನಕ್ಕ. ಆ ದಿನ ಆ ಮನೆಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನಾನು ಕೇಳದೆಯೇ ಎರಡು ರೊಟ್ಟಿ ಹಾಕಿಸಿಕೊಂಡೆ.

ಮಾಘ ಮಾಸದಲ್ಲಿ ಅವನು ಎದ್ದು ನಿಂತ. ಗೋಡೆ ಹಿಡಿದು, ಗಡಗಡ ನಡುಗುತ್ತ, ಆದರೆ ನಿಂತ. ಪಡಸಾಲೆಯಲ್ಲಿ ಉಣ್ಣುತ್ತಿದ್ದ ಗಿರಾಕಿಗಳು ಎಂಜಲು ಕೈಯಲ್ಲೇ ಎದ್ದು ಬಂದು ನೋಡಿದರು. ಯಾರೋ ಹಳೆಯ ಗಿರಾಕಿ, “ರುದ್ರಪ್ಪಣ್ಣ, ನನ್ನ ಉದ್ರಿ ಇನ್ನ ಮುಚ್ಚಿಡಾಕ ಆಗಂಗಿಲ್ಲ ಬಿಡು,” ಎಂದಾಗ ಅವನು ಗಟ್ಟಿಯಾಗಿ ‘ಹೂಂ’ ಎಂದ. ಕಾಶವ್ವ ಅಳುತ್ತ ಎಲ್ಲರಿಗೂ ಹೋಳಿಗೆ ಬಡಿಸಿದಳು.

ಆಮೇಲೆ ಲಗ್ನದ ಹಂಗಾಮು ಬಂತು. ಮೂರು ದಿನ ಒಂದೇ ಸಮನೆ ರೊಟ್ಟಿಯ ಆರ್ಡರು. ಕಾಶವ್ವ, ಜೊತೆಗೆ ನಾಲ್ಕು ಹೆಂಗಸರು, ಬೆಳಗಾದರೆ ಒಲೆಯ ಮುಂದೆ ಕೂತವರು ಸಂಜೆಗೇ ಏಳುವುದು. ಯುಗಾದಿ ಹತ್ತಿರ ಬಂದಿತ್ತು. ಒಂದು ದಿನ ಬಿಟ್ಟು ಒಂದು ದಿನ ಎಂಬ ನನ್ನ ಮಾತು ಅವಳಿಗೆ ನೆನಪಿತ್ತು. ಆದರೆ ನಿಲ್ಲುವವನು ನಡೆಯುವುದೊಂದೇ ಬಾಕಿ ಇರುವಾಗ ಬಿಡುವುದು ಹೇಗೆ ಎನಿಸಿತ್ತು. ಮೂರೂ ದಿನ ತೊಡೆಗೆ ಪಟ್ಟಿ ಕಟ್ಟಿದಳು. ತಾನಿಲ್ಲದಿದ್ದರೂ ಒಳಗೆ ತನ್ನ ದನಿ ಗಂಡನ ಜೊತೆಗಿದೆ ಎಂದು ಅವಳಿಗೆ ಸಮಾಧಾನ. ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದಿನಲ್ಲಿ ಹಿಂದಿನ ಕೋಣೆಯ ಮಾತು ಯಾರಿಗೆ ಕೇಳಬೇಕು? ನಡುನಡುವೆ ಓಡಿಬಂದು ನೀರು ಕುಡಿಸುತ್ತಿದ್ದಳು, ಬೆವರು ಒರೆಸುತ್ತಿದ್ದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದನಂತೆ.

ನಾಲ್ಕನೆಯ ದಿನ ಮಧ್ಯಾಹ್ನ ಕಂಟ್ರೋಲ್ ರೂಮಿಗೆ ಅವಳ ಫೋನು ಬಂತು.

“ಬಾಯಾರ, ನಮ್ಮನಿಯವರಿಗೆ ಭಾಳ ಉಷ್ಣ ಆಗೇತ್ರಿ.”

“ಜ್ವರ ಬಂದಾವೇನು?”

“ಜ್ವರ ಇಲ್ಲರಿ. ನಿನ್ನಿಂದ ಒಂದಕ್ಕ ಹೋದ್ರ ಕರೇ ಚಹಾದಂಗ ಬರಾಕತ್ತೇತಿ. ಕೊತ್ತಂಬರಿ ಬೀಜ ನೆನಸಿ ನೀರು ಕೊಟ್ಟೆ, ಮಜ್ಜಿಗಿ ಕೊಟ್ಟೆ, ಇವತ್ತ ಮುಂಜಾನಿಂದ ಹೋಗೇ ಇಲ್ಲ. ತೊಡಿ ಕಲ್ಲಾಗೇತಿ. ಪಟ್ಟಿ ಇವತ್ತ ಕಟ್ಲೋ ಬ್ಯಾಡೋ ಒಂದ್ ಮಾತು ಕೇಳೂನು ಅಂತ...”

“ಕಟ್ಟಬ್ಯಾಡ್ರಿ! ಮುಟ್ಟಬ್ಯಾಡ್ರಿ ಅದನ್ನ! ನಾ ಗಾಡಿ ಕಳಸ್ತೀನಿ, ಇದ್ದಂಗ ಹೊಂಡ್ರಿ,” ಎಂದು ಕಿರುಚಿದೆ. ಅವಳು ಆಗಲೂ, “ಯಾಕ್ರಿ ಬಾಯಾರ, ಉಷ್ಣಕ್ಕ ದವಾಖಾನಿ ಯಾಕ್ರಿ?” ಎಂದು ಕೇಳುತ್ತಿದ್ದಳು.

ನಮ್ಮ ಕಡೆ ಎಲ್ಲವೂ ಉಷ್ಣವೇ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮೂತ್ರದ ಬಣ್ಣ ತಿರುಗಿದರೂ ಉಷ್ಣ. ಆದರೆ ಇದು ಅದಲ್ಲ. ಸ್ನಾಯುವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಅದು ಒಡೆಯುತ್ತದೆ. ಒಡೆದ ಸ್ನಾಯುವಿನ ಕೆಂಪು ಬಣ್ಣ ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತದೆ. ಚಹಾದ ಬಣ್ಣ ಎಂದರೆ ಅದೇ. ನಾನು ಪರದೆಯತ್ತ ನೋಡಿದೆ. ಕಾಶವ್ವನ ಮನೆಯ ದೀಪ ಮೂರೂ ದಿನ ಹಸಿರಾಗಿಯೇ ಇತ್ತು. ವಿದ್ಯುತ್ತು ಒಮ್ಮೆಯೂ ಮಿತಿ ಮೀರಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಶುದ್ಧಿಯ ಯಂತ್ರಕ್ಕೆ ಹಾಕಿದರು. ಒಮ್ಮೆ ಚೇತರಿಸಿದ ಹಾಗೆ ಕಂಡಿತು, ಮತ್ತೆ ಕುಸಿಯಿತು. ಕಾಶವ್ವ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅಲ್ಲೇ ಇದ್ದಳು. ಚಮಚದಲ್ಲಿ ಗಂಜಿ ಹಿಡಿದರೆ ಅವನು ಬಾಯಿ ತೆರೆಯುತ್ತಿದ್ದ, ಇನ್ನೊಂದು ಹಿಡಿದರೂ ತೆರೆಯುತ್ತಿದ್ದ, ಹೊಟ್ಟೆ ತೊಳಸಿ ವಾಂತಿಯಾಗುವವರೆಗೂ ತೆರೆಯುತ್ತಿದ್ದ. ಸಾಕು ಎನ್ನುವುದನ್ನೇ ಬಿಟ್ಟಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗಲೇ ಮಹಾರುದ್ರಪ್ಪ ತೀರಿಕೊಂಡ.

ಮಣ್ಣಿಗೆ ಹೋಗಿಬಂದ ಮರುದಿನ ಇಮ್ತಿಯಾಜ್ ನನ್ನನ್ನು ಕರೆದ. ಅವನ ಕಣ್ಣು ಕೆಂಪಾಗಿದ್ದವು. ಕಾಶವ್ವನ ಮನೆಯ ಪಟ್ಟಿಯನ್ನು ಬಿಚ್ಚಿಟ್ಟುಕೊಂಡು ಕೂತಿದ್ದ.

“ಮೇಡಂ, ಕೆಟ್ಟಿದ್ದು ಏನೂ ಇಲ್ಲ ಇದರಾಗ. ನಾ ಹೇಳಿಕೊಟ್ಟಿದ್ದನ್ನ ಕಲತೇತಿ. ಈ ಮನ್ಯಾಗ ಮೊದಲ್ನೇ ಸಾಕು, ಎರಡನೇ ಸಾಕು ಲೆಕ್ಕಕ್ಕಿಲ್ಲ ಅಂತ ತಿಳಕೊಂಡೇತಿ. ಮೂರನೇದು ಬಂದ್ರ ನಿಲ್ಲಬೇಕಿತ್ತು. ಆದ್ರ ಅಷ್ಟರಾಗ ಅರ್ಧ ತಾಸು ಮುಗದು ಸುತ್ತು ಬದಲಾಕ್ಕಿತ್ತು. ಮುಂದಿನ ಸುತ್ತಿನ್ಯಾಗ ಮತ್ತ ಮೊದಲ್ನೇದರಿಂದ ಎಣಿಕಿ. ಮನಿಯವರು ದಿನಾ ‘ಮತ್ತೆ’ ಒತ್ತತಿದ್ರಲ್ಲ, ಈಗ ಅದನ್ನ ಪಟ್ಟಿ ತಾನ ಒತ್ತಕೊಂತ ಹೋಗೇತಿ.”

ವಿದ್ಯುತ್ತಿಗೆ ಮಿತಿ ಇಟ್ಟಿದ್ದೆವು, ಸುತ್ತಿಗೆ ಗಡುವು ಇಟ್ಟಿದ್ದೆವು. ದಿನಕ್ಕೆ ಒಟ್ಟು ಎಷ್ಟು ಸುತ್ತು ಎಂಬುದಕ್ಕೆ ಯಾರೂ ಬೇಲಿ ಹಾಕಿರಲಿಲ್ಲ. ಮನೆಯಲ್ಲಿ ಕಣ್ಣೆದುರು ಯಾರಾದರೂ ಇದ್ದೇ ಇರುತ್ತಾರಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ಆಮೇಲೆ ಅವನು ಪಟ್ಟಿ ಉಳಿಸಿಕೊಂಡಿದ್ದ ಸದ್ದುಗಳನ್ನು ಹಚ್ಚಿದ. ಮಹಾರುದ್ರಪ್ಪ ‘ಸಾಕು’ ಎನ್ನುತ್ತಾನೆ. ಕಾಶವ್ವನ ದನಿ ‘ಇನ್ನೊಂದ್ ಸ್ವಲ್ಪರಿ’ ಎನ್ನುತ್ತದೆ. ಮೊದಮೊದಲು ಅವನ ದನಿಯಲ್ಲಿ ಬರೀ ದಣಿವಿತ್ತು. ಎರಡನೆಯ ದಿನದಿಂದ ಆ ಮಾತಿಗೆ ಮುಂಚೆ ಒಂದು ಹೆಸರು ಸೇರಿಕೊಂಡಿತು. ‘ಕಾಶಿ... ಸಾಕು.’ ಯಂತ್ರವನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆಯೇ? ಕೋಣೆಯಲ್ಲಿ ಒಬ್ಬನೇ ಮಲಗಿದವನು, ಅರ್ಧ ಮೈಯ ಅರಿವಿಲ್ಲದವನು, ದಿನ ಕಳೆದಂತೆ ದನಿ ಎಲ್ಲಿಂದ ಬರುತ್ತಿದೆ ಎಂಬುದನ್ನೇ ಮರೆತಿದ್ದ. ಹೆಂಡತಿಯೇ ಪಕ್ಕದಲ್ಲಿ ನಿಂತು ಒತ್ತಾಯ ಮಾಡುತ್ತಿದ್ದಾಳೆ ಎಂದು ತಿಳಿದಿದ್ದ. ನಾನು ಆಫ್ ಮಾಡು ಎಂದೆ. ಇಮ್ತಿಯಾಜ್ ಆಫ್ ಮಾಡಿ ಮೇಜಿನ ಮೇಲೆ ತಲೆ ಇಟ್ಟ.

ನಿರ್ದೇಶಕರು ವರದಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದರು. ಒಂದು ದಿನದ ಬಿಡುವು ಕೊಡಬೇಕೆಂಬ ಸೂಚನೆಯನ್ನು ಮನೆಯವರು ಪಾಲಿಸಿಲ್ಲ. ಆ ದಿನ ನಾನು ಆಡಿದ ಮಾತೆಲ್ಲ ಇಲ್ಲಿ ಬರೆಯುವಂಥದ್ದಲ್ಲ. “ಸರ್, ಅಕಿ ಒಂದು ದಿನದ ಮಾತು ಮೀರಿದಾಳ. ನಮ್ಮ ಪಟ್ಟಿ ಅಕಿ ಗಂಡನ ಮಾತು ಎಷ್ಟು ಸಲ ಮೀರೇತಿ ಕೇಳ್ರಿ ಬರ್ರಿ,” ಎಂದೆ. ಅವರು ಬರಲಿಲ್ಲ. ಆದರೆ ನಾನೂ ಇಮ್ತಿಯಾಜನೂ ಸಹಿ ಹಾಕುವುದಿಲ್ಲ ಎಂದು ಕೂತಾಗ ಆ ಸಾಲು ಹೋಗಿ ಬೇರೆ ಸಾಲು ಬಂತು. ಪಟ್ಟಿಯ ಪಾಠವೂ ಬದಲಾಯಿತು. ದಿನಕ್ಕೆ ಇಷ್ಟೇ ಎಂಬ ಬೇಲಿ ಬಂತು, ಮನೆಯವರ ದನಿ ಹೋಯಿತು. ಈಗ ಒಂದು ಸಲ ಸಾಕು ಎಂದರೆ ಮುಗಿಯಿತು, ಆ ದಿನ ಮತ್ತೆ ಶುರುವಾಗುವುದಿಲ್ಲ.

ಜನ ಅದಕ್ಕೂ ಬೈದರು. “ಏನ್ ಪಟ್ಟಿರಿ ಇದು, ಒಂದ್ ಸಲ ಸಾಕು ಅಂದ್ರ ಕಡ್ಡಿ ಮುರದಂಗ ಬಿಟ್ಟ ಬಿಡತೈತಿ. ಉಪಚಾರನ ಗೊತ್ತಿಲ್ಲ ಇದಕ್ಕ,” ಎಂದು ನವಲಗುಂದದ ಅಜ್ಜನೊಬ್ಬ ಫೋನಿನಲ್ಲಿ ಜಗಳ ತೆಗೆದ. ಹಿಂದಿನಂತೆ ಬೇಗ ಬೇಗ ಕಾಲುಗಳು ಏಳುತ್ತಿಲ್ಲ. ಅಜ್ಜ ಬೈಯಲಿ, ಬೈಯಲು ಅವನು ಇದ್ದಾನಲ್ಲ ಎಂದುಕೊಂಡೆ.

ಬೇಸಗೆ ಕಳೆಯುವ ಹೊತ್ತಿಗೆ ಕಾಶವ್ವ ನಮ್ಮ ಕೇಂದ್ರಕ್ಕೆ ಬಂದಳು. ಅಷ್ಟು ದಿನದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಖಾನಾವಳಿ ತೆರೆದಿದ್ದಾಳೆಂದು ಕೇಳಿದ್ದೆ. ಗಿರಾಕಿಗಳು ಸಾಕು ಎಂದ ಕೂಡಲೇ ಅವಳು ತಿರುಗಿ ಒಳಗೆ ಹೋಗಿಬಿಡುತ್ತಾಳೆ, ಉಂಡವರಿಗೆ ಉಂಡ ಹಾಗೆಯೇ ಆಗುವುದಿಲ್ಲ ಎಂದೂ ಜನ ಹೇಳುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ನಾನೂ ಇಮ್ತಿಯಾಜನೂ ಇದ್ದೆವು. ಅವಳು ಕುರ್ಚಿಯ ತುದಿಯಲ್ಲಿ ಕೂತಳು.

“ಬಾಯಾರ, ಆ ಮೂರು ದಿನ ನಾ ಒಲಿ ಮುಂದ ಇದ್ದೆ. ಒಳಗ ಅವರು ಏನಂದ್ರೋ ನನಗ ಕೇಳಸಲಿಲ್ಲ. ನಿಮ್ಮ ಹತ್ರ ಐತಂತ. ಕೇಳಸ್ರಿ.”

ನಾನು ಇಮ್ತಿಯಾಜನನ್ನು ದುರುಗುಟ್ಟಿ ನೋಡಿದೆ. ಮಾತಾಡಿಸಲು ಅವಳ ಮನೆಗೆ ಹೋದಾಗ ಅವನೇ ಬಾಯಿಬಿಟ್ಟಿದ್ದ. ಅವನು ತಲೆ ತಗ್ಗಿಸಿದ.

“ಬ್ಯಾಡ ಕಾಶವ್ವಾರ,” ಎಂದೆ ನಾನು. “ಅದರಾಗ ಏನೂ ಇಲ್ಲ. ಬರೇ ಸಾಕು ಅನ್ನೂದು ಒಂದ ಐತಿ.”

“ಅದನ್ನ ಕೇಳಾಕ ಬಂದೀನಿ.”

“ಕೇಳಿ ಏನ್ ಮಾಡ್ತೀರಿ? ಸುಮ್ನ ಹೊಟ್ಟ್ಯಾಗ ಸಂಕಟ.”

“ನೀವು ಕೇಳೀರಿ. ಈ ಸಾಹೇಬರು ಕೇಳ್ಯಾರ. ಆ ಪಟ್ಟಿನೂ ಕೇಳೇತಿ. ಅವರ ಹೇಂತಿ ನಾ ಒಬ್ಬಾಕಿ ಕೇಳಿಲ್ಲ.” ಅವಳ ದನಿ ಏರಲಿಲ್ಲ. “ಅವರು ಅಂದಿದ್ದು ನನಗರಿ. ನಿಮಗಲ್ಲ.”

ಅವಳಿಗೆ ಎಷ್ಟು ಗೊತ್ತಿದೆಯೋ ನನಗೆ ತಿಳಿಯಲಿಲ್ಲ. ಸದ್ದು ಅಳಿಸಿಹೋಗಿದೆ ಎಂದು ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಒಂದೇ ಮಾತನ್ನು ಹತ್ತಾಗಿ ಓದಿದವಳ ಮುಂದೆ ನನ್ನ ಸುಳ್ಳು ನಡೆಯುವಂತಿರಲಿಲ್ಲ. ಹಚ್ಚು ಎಂದು ಇಮ್ತಿಯಾಜನಿಗೆ ಕಣ್ಸನ್ನೆ ಮಾಡಿದೆ.

‘ಸಾಕು,’ ಎಂದ ಮಹಾರುದ್ರಪ್ಪ. ಕೋಣೆಯ ಫ್ಯಾನಿನ ಸದ್ದೂ ಕೇಳುತ್ತಿತ್ತು. ಹಿಂದೆಯೇ, ‘ಇನ್ನೊಂದ್ ಸ್ವಲ್ಪರಿ. ನನ್ ಸಲುವಾಗಿ.’

ಕಾಶವ್ವ ಯಾರು ಮಾತಾಡಿದರೆಂದು ಬಾಗಿಲ ಕಡೆ ತಿರುಗಿ ನೋಡಿದಳು. ಆಮೇಲೆ ತಿಳಿಯಿತು.

“ಇದು ನನ್ನ ದನಿ.”

“ಹೂಂ.”

“ಮುಂದಿಂದು ಹಚ್ಚರಿ.”

‘ಕಾಶಿ... ಸಾಕು.’

ನಾನು ಅವಳ ಕೈ ಹಿಡಿದುಕೊಂಡೆ. ಅವರಿಗೆ ಅದು ಯಂತ್ರ ಅಂತ ಗೊತ್ತಿತ್ತು, ಸುಮ್ಮನೆ ನಿಮ್ಮ ಹೆಸರು ಹಿಡಿದರು ಎಂದು ಹೇಳಲು ಹೊರಟೆ. ಅವಳು ನನಗಿಂತ ಮೊದಲೇ ತಲೆ ಆಡಿಸಿದಳು. “ನಾನ ಅಂತ ತಿಳಕೊಂಡಾರ. ನೀರು ಕುಡಸಾಕ ಹೋದ್ರ ನನ್ನ ಮಾರಿ ನೋಡತಿದ್ರು ನೋಡ್ರಿ. ಇಷ್ಟ ಸಲ ಹೇಳಿದ್ರೂ ಯಾಕ ಬಿಡವಲ್ಲಿ ಅಂತ ಕೇಳತಿದ್ರು. ನಾ ಅದನ್ನ ಓದಲಿಲ್ಲ. ಕಾಲು ಬಂದ ಖುಷಿ ಅಂತ ತಿಳಕೊಂಡೆ.”

ಇಮ್ತಿಯಾಜ್ ನಿಲ್ಲಿಸಲು ಕೈ ಚಾಚಿದ. ಅವಳು ತಡೆದಳು. “ಹಚ್ಚರಿ. ಎಲ್ಲಾ ಹಚ್ಚರಿ.”

ಮತ್ತೆ ‘ಸಾಕು’ ಬಂತು. ಆಗ ಕಾಶವ್ವ ಮುಂದಕ್ಕೆ ಬಾಗಿ, ಯಂತ್ರದೊಳಗಿನ ತನ್ನ ದನಿ ಬಾಯಿ ತೆರೆಯುವ ಮೊದಲೇ, ಗಟ್ಟಿಯಾಗಿ ಹೇಳಿದಳು, “ಆತ್ರಿ. ಬಿಟ್ಟೆ.” ಆದರೂ ಒಳಗಿನವಳು ತನ್ನ ಪಾಡಿಗೆ ‘ಇನ್ನೊಂದ್ ಸ್ವಲ್ಪರಿ’ ಎಂದಳು. ಇಮ್ತಿಯಾಜ್ ಏನೋ ಒತ್ತಿ ಆ ದನಿಯನ್ನು ಅಡಗಿಸಿದ. ಇನ್ನು ಮಹಾರುದ್ರಪ್ಪ ಒಬ್ಬನೇ ಉಳಿದ.

‘ಸಾಕು.’

“ಆತ್ರಿ, ಬಿಟ್ಟೆ.”

‘ಕಾಶಿ, ಸಾಕು.’

“ಬಿಟ್ಟೆರಿ, ಬಿಟ್ಟೆ. ತಗದೆ ನೋಡ್ರಿ.”

ಒಂದೊಂದಕ್ಕೂ ಉತ್ತರ ಕೊಟ್ಟಳು. ಒಂದನ್ನೂ ತಪ್ಪಿಸಲಿಲ್ಲ. ಎಷ್ಟಿದ್ದವೆಂದು ನಾನು ಎಣಿಸಲಿಲ್ಲ. ಇಮ್ತಿಯಾಜ್ ನಡುವೆಯೇ ಎದ್ದು ಹೊರಗೆ ಹೋದ, ಆಮೇಲೆ ನಾನೇ ಹಚ್ಚುತ್ತ ಹೋದೆ. ಕೊನೆಕೊನೆಗೆ ಅವನ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಅದು ಆ ಮಾತೇ ಎಂದು ಪಟ್ಟಿಗೆ ಹೇಗೆ ತಿಳಿಯಿತೋ. ಕಾಶವ್ವನಿಗೆ ಮಾತ್ರ ತಿಳಿಯುತ್ತಿತ್ತು. ಬಾಗಿ, ಮೇಜಿಗೆ ಕಿವಿ ಕೊಟ್ಟು, ಪಿಸುಮಾತಿನಲ್ಲೇ, “ಆತ್ರಿ,” ಎನ್ನುತ್ತಿದ್ದಳು.

ಆಮೇಲೆ ಏನೂ ಬರಲಿಲ್ಲ.

“ಇನ್ನೂ ಅದಾವೇನ್ರಿ ಬಾಯಾರ?”

“ಇಲ್ಲ ಕಾಶವ್ವಾರ. ಮುಗದಾವು.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾರೂ ಏನೂ ಕೇಳದಿದ್ದರೂ ಸೆರಗಿನ ಒಳಗಿಂದಲೇ ಇನ್ನೊಂದು ಸಲ, “ಬಿಟ್ಟೆರಿ,” ಎಂದಳು.